ಶಾಲು ಹೊದ್ದ ರಣಹದ್ದು

ರಣಹದ್ದಿಗೆ ಶಾಲು ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡವಳು. ಶಾಲು ಅಷ್ಟೇ ಅಲ್ಲ, ಕೊರಳಲ್ಲಿ ಚೆಂಡುಹೂವಿನ ಹಾರ, ಮುಂದೆ ಒಂದು ಬುಟ್ಟಿ ಹಣ್ಣು. ಹೇಳಿದರೆ ಜನ ನಗುತ್ತಾರೆ. ನಗಲಿ. ಆ ದಿನ ನಾನೂ ನಕ್ಕೆ, ಬೈದೆ, ಓಡಿದೆ. ಎಪ್ಪತ್ತು ದಾಟಿದ ಮೇಲೆ ಹಾಗೆ ಓಡಿದ್ದು ಅದೊಂದೇ ಸಲ.

ಸಂಕ್ರಾಂತಿ ಮುಗಿದು ಹದಿನೈದು ದಿನವಾಗಿತ್ತು. ಶನಿವಾರ. ಗರಗದಲ್ಲಿ ನನ್ನ ಮಗಳ ನಾದಿನಿ ತನ್ನ ಕೂಸಿಗೆ ತೊಟ್ಟಿಲು ಹಾಕುವವಳಿದ್ದಳು. ಗೋಪನಕೊಪ್ಪದಿಂದ ಮೂವರು ಹೊರಟೆವು. ನಾನು, ನನ್ನ ಮಗಳು, ವ್ಯಾನು ನಡೆಸುವವನು. ವ್ಯಾನಿನವನು ನಮ್ಮ ಓಣಿಯ ಮುಸಲ್ಮಾನ, ಗ್ಯಾರೇಜು ಇಟ್ಟುಕೊಂಡವನು. ಅವನ ವ್ಯಾನಿಗಿಂತ ಅವನ ಬಾಯಿ ಜೋರು ಓಡುತ್ತದೆ. ನನ್ನ ತೊಡೆಯ ಮೇಲೆ ಶೇಂಗಾ ಉಂಡಿಯ ಡಬ್ಬಿ. ಮೈಮೇಲೆ ಮಗಳು ಕೊಡಿಸಿದ ಹೊಸ ಇಳಕಲ್ ಸೀರೆ. ಅದನ್ನು ಉಡು ಅಂತ ಅವಳು ಎರಡು ದಿನ ಬೆನ್ನು ಹತ್ತಿದ್ದಳು.

ಧಾರವಾಡ ದಾಟಿ ಗರಗದ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆವು. ಹನ್ನೊಂದು ಗಂಟೆ ಇರಬೇಕು. ರಸ್ತೆಯ ಮೂಡಲ ಮಗ್ಗುಲಿಗೆ ಹತ್ತು ಹದಿನೈದು ಮಂದಿ ಗುಂಪು ಕಟ್ಟಿ ನಿಂತಿದ್ದರು.

“ಆಕ್ಸಿಡೆಂಟ್ ಆಗೈತಿ ಅನಸ್ತೈತಿ, ಆಯೀ,” ಅಂದ ವ್ಯಾನಿನವನು.

“ಆಗಿದ್ರ ಆಗ್ಲಿ, ನೀ ನಡಿ. ತೊಟ್ಟಿಲ ಹೊತ್ತು ಮೀರತೈತಿ,” ಅಂದಳು ಮಗಳು.

ಆದರೆ ಅವನು ನಿಲ್ಲಿಸಿಯೇ ಬಿಟ್ಟ. ಎಲ್ಲಿ ಮಂದಿ ಕೂಡಿರುತ್ತಾರೋ ಅಲ್ಲಿ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಜನರ ಕಾಲುಗಳ ನಡುವೆ ಒಂದು ಬೋಳು ಕತ್ತು ಕಂಡಿತು. ಉದ್ದನೆಯ, ಸುಕ್ಕು ಬಿದ್ದ, ಬೂದಿ ಬಣ್ಣದ ಕತ್ತು. ಅದರ ತುದಿಗೆ ಕೊಕ್ಕೆಯಂಥ ಕೊಕ್ಕು.

ಉಂಡಿಯ ಡಬ್ಬಿಯನ್ನು ಮಗಳ ಮಡಿಲಿಗೆ ಒಗೆದು ಇಳಿದೆ.

“ಯವ್ವಾ, ಎಲ್ಲಿಗೆ ಹೊಂಟಿ?”

“ರಣಹದ್ದು ಬೇ! ರಣಹದ್ದು!”

ಮೂವತ್ತು ವರ್ಷಕ್ಕೂ ಮೇಲಾಗಿತ್ತು ನೋಡಿ. ನನ್ನ ಮಗಳು ಇನ್ನೂ ಲಂಗ ಉಡುತ್ತಿದ್ದಾಗ ಕಂಡಿದ್ದೇ ಕಡೆಯದು. ಆಮೇಲೆ ಒಂದೂ ಇಲ್ಲ. ಮುಗಿಲು ನೋಡಿದರೆ ಬರೀ ಗಿಡಗ, ಕಾಗೆ. ದನದ ನೋವಿಗೆ ಚುಚ್ಚುವ ಯಾವುದೋ ಔಷಧಿ ಹೆಣದೊಳಗೆ ಉಳಿದು, ಅದನ್ನು ತಿಂದು ಹದ್ದುಗಳೆಲ್ಲ ಸತ್ತವು ಅಂತ ಯಾರೋ ಹೇಳಿದ್ದರು. ಸರಿ, ಮುಗಿಯಿತು ಅವುಗಳ ಕುಲ ಅಂದುಕೊಂಡು ಸುಮ್ಮನಿದ್ದೆ. ಈಗ ನೋಡಿದರೆ ಗರಗದ ರಸ್ತೆಯ ಬದಿಯಲ್ಲಿ, ಹಾಡಹಗಲು, ನನ್ನ ಸೊಂಟದ ಎತ್ತರಕ್ಕೆ ಕೂತಿದೆ!

ಕೂತಿದ್ದು ಹೇಗೆ ಅಂತೀರಿ. ಬೆನ್ನ ಮೇಲೆ ಕೆಂಪು ಜರಿಯಂಚಿನ ಶಾಲು. ಕೊರಳಲ್ಲಿ ಹಾರ. ರೆಕ್ಕೆಯಿಂದ ನೀರು ತೊಟತೊಟ ಸೋರುತ್ತಿದೆ. ಮುಂದೆ ಬಾಳೆಹಣ್ಣು, ಸೇಬು ಇಟ್ಟ ಬುಟ್ಟಿ. ಅದರ ಎದುರು ಬಿಳಿ ಅಂಗಿ ತೊಟ್ಟ ಒಬ್ಬರು ಕೈಮುಗಿದು ನಿಂತಿದ್ದಾರೆ. ಅವರ ಕೊರಳಲ್ಲೂ ಅಂಥದೇ ಹಾರ. ಉಳಿದವರು ಹೊಲಕ್ಕೆ ಇಳಿದು, ಬಿಸಿಲು ಬೆನ್ನಿಗೆ ಮಾಡಿಕೊಂಡು, ಫೋನಿನಲ್ಲಿ ಫೋಟೋ ಹೊಡೆಯುತ್ತಿದ್ದಾರೆ. ಅವರ ಹಿಂದೆ ಅದೇ ಬೀಳು ಹೊಲದಲ್ಲಿ ಒಂದು ಟ್ರ್ಯಾಕ್ಸು ನಿಂತಿತ್ತು. ಅದಕ್ಕೆ ಕಟ್ಟಿದ್ದ ಬಟ್ಟೆಯ ಮೇಲಿನ ಅಕ್ಷರ ಒಂದೊಂದಾಗಿ ಕೂಡಿಸಿ ಓದಿದೆ. ಸೇವಾ ನಿವೃತ್ತಿ ಅಂತಿತ್ತು. ಮುಂದಿನದು ಓದುವಷ್ಟು ತಾಳ್ಮೆ ಇರಲಿಲ್ಲ.

ಬಿಳಿ ಅಂಗಿಯವರು ಹೆಡ್ ಮಾಸ್ತರರು. ಅವತ್ತು ಮುಂಜಾನೆ ಸಾಲೆಯಲ್ಲಿ ಅವರನ್ನು ಕೂರಿಸಿ ಸನ್ಮಾನ ಮಾಡಿ ಬೀಳ್ಕೊಟ್ಟಿದ್ದರು. ಮನೆಯವರು, ಬೀಗರು ಸೇರಿ ಟ್ರ್ಯಾಕ್ಸಿನಲ್ಲಿ ಅವರ ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಹಕ್ಕಿ ಕಂಡಿತು. ಗಾಡಿಯಲ್ಲಿ ಶಾಲು ಇದ್ದವು, ಹಾರ ಇದ್ದವು, ಹಣ್ಣಿನ ಬುಟ್ಟಿ ಇತ್ತು. ನಮ್ಮ ಧಾರವಾಡ ಸೀಮೆಯ ಮಂದಿಯ ಕೈಗೆ ಶಾಲು ಹಾರ ಎರಡೂ ಒಟ್ಟಿಗೆ ಸಿಕ್ಕರೆ ಎದುರಿಗಿದ್ದವರು ಪಾರಾಗುವುದಿಲ್ಲ.

“ಇದೇನ್ರೀ ಮಾಸ್ತರ್ರ?” ಅಂದೆ.

“ಅಜ್ಜೀ, ನೋಡ್ರಿ ನಮ್ಮ ಪುಣ್ಯಾ! ಪುರಾಣದಾಗ ಬರೋ ಪಕ್ಷಿ. ನಾಡಿನಿಂದ ಕಾಣೆಯಾಗಿತ್ತು, ಇವತ್ತ ನಮಗ ದರ್ಶನ ಕೊಟ್ಟೈತಿ. ಇಂಥಾ ಅತಿಥಿ ಬಂದಾಗ ಹಂಗ ಹೆಂಗ ಕಳಸೋದು? ಪಾದಾ ತೊಳದು, ಶಾಲು ಹಾಕಿದ್ವಿ.”

“ಪಾದಾ ತೊಳದ್ರ ಬೆನ್ನ್ಯಾಕ ಹಸಿ ಆಗೈತಿ?”

“ಸನೇಕ ಹೋಗಾಕ ಅಂಜಿಕಿ ಬಂತ್ರಿ. ದೂರ ನಿಂತು ನೀರು ಉಗ್ಗಿದ್ವಿ. ನಾಕು ಬಾಟ್ಲಿ ಖರ್ಚಾತು.”

“ಹಾರ?”

“ಹಾರಾ ಬ್ಯಾನರಿನ ಬಿದಿರಿಗೆ ಸಿಗಿಸಿ ಹಾಕಿದ್ವಿ,” ಅಂದ ಅವರ ಅಳಿಯ. ದೊಡ್ಡ ಶಿಕಾರಿ ಮಾಡಿದವನ ದನಿ ಅದು. ಟ್ರ್ಯಾಕ್ಸಿನ ಕೀಲಿ ಅವನ ಬೆರಳಲ್ಲಿ ತಿರುಗುತ್ತಿತ್ತು. ಶಾಲನ್ನು ಹಿಂದಿನಿಂದ ಬಂದು ಬೀಸಿ ಒಗೆದವನೂ ಅವನೇ.

“ಜಡ್ಡು ಬಂದೈತ್ರಿ ಪಾಪ,” ಅಂದಳು ಒಬ್ಬಳು. “ಹಾರವಲ್ದು. ಕುಂತಲ್ಲೇ ಕುಂತೈತಿ.”

ಮಾಸ್ತರರು ಅರಣ್ಯ ಇಲಾಖೆಗೆ ಫೋನ್ ಮಾಡಿದ್ದರಂತೆ. ದೂರ ಇರಿ, ನಾವು ಬರುವವರೆಗೂ ಮುಟ್ಟಬೇಡಿ ಅಂತ ಅಲ್ಲಿಯವರು ಹೇಳಿದ್ದರು. ಇವರು ಮುಟ್ಟಿರಲಿಲ್ಲ ಖರೆ. ಬರೀ ತೊಯ್ಸಿ, ಶಾಲು ಸುತ್ತಿ, ಹಾರದಲ್ಲಿ ಬಿಗಿದಿದ್ದರು. ಇಲಾಖೆಯವರು ಬರಲು ಇನ್ನೂ ಹೊತ್ತಾಗುತ್ತದೆ, ಅಷ್ಟರಲ್ಲಿ ಚಾಪೆಯ ಮೇಲೆ ಮಲಗಿಸಿ ಗಾಡಿಯಲ್ಲೇ ಧಾರವಾಡಕ್ಕೆ ಒಯ್ದುಬಿಡೋಣ ಅಂತ ಅಳಿಯ ಹಟ ಹಿಡಿದಿದ್ದ.

ನಾನು ಹಕ್ಕಿಯನ್ನು ನೋಡಿದೆ. ಸುತ್ತು ಹಾಕಿ ನೋಡಿದೆ. ಕಣ್ಣು ಚುರುಕಾಗಿತ್ತು, ನನ್ನ ಜೊತೆಗೇ ತಿರುಗಿತು. ಜಡ್ಡು ಬಿದ್ದ ರಣಹದ್ದಿನ ತಲೆ ಜೋತುಬಿದ್ದಿರುತ್ತದೆ. ಇದರದು ನೆಟ್ಟಗಿತ್ತು. ಹಾರದ ಕೆಳಗೆ ಎದೆಯ ಮೇಲಿನ ಚೀಲ ಉಬ್ಬಿ ತೆಂಗಿನಕಾಯಿ ಗಾತ್ರ ಆಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ಇದಕ್ಕ ಜಡ್ಡೂ ಇಲ್ಲ, ಗಿಡ್ಡೂ ಇಲ್ಲ. ಹೊಟ್ಟಿ ಬಿರಿಯುವಂಗ ಉಂಡೈತಿ! ಎಲ್ಲೈತಿ ಹೆಣಾ?”

ಇಪ್ಪತ್ತು ಹೆಜ್ಜೆ ಆಚೆ, ಬದುವಿನ ಕೆಳಗೆ, ಒಂದು ಕರುವಿನ ಹೆಣ ಬಿದ್ದಿತ್ತು. ಅರ್ಧಕ್ಕಿಂತ ಹೆಚ್ಚು ಎಲುಬಾಗಿತ್ತು. ಇಷ್ಟು ಮಂದಿಯಲ್ಲಿ ಒಬ್ಬರೂ ಆ ಕಡೆ ಕಣ್ಣು ಹಾಯಿಸಿರಲಿಲ್ಲ.

“ಶಾಲು ತಗೀರಿ, ಹಾರಾ ತಗೀರಿ,” ಅಂದೆ. “ಎಲ್ಲಾರೂ ಹೊಲಾ ಬಿಟ್ಟು ರಸ್ತೆಗೆ ಬರ್ರಿ. ಆ ಗಾಡಿ ಅಲ್ಲಿಂದ ಸರಸ್ರಿ.”

“ನಿಮಗೇನು ಗೊತ್ರೀ ಅಜ್ಜೀ?” ಅಂದ ಅಳಿಯ. ಮಾತು ಒರಟಾಗಿದ್ದರೂ ಬಿಸಿಲಲ್ಲಿ ನಿಂತ ಮುದುಕಿ ಅಂತ ನೀರಿನ ಬಾಟಲಿ ನನ್ನ ಕಡೆ ಚಾಚಿದ್ದ.

“ನಮ್ಮಪ್ಪ ಸತ್ತ ದನಾ ಸುಲೀತಿದ್ದ,” ಅಂದೆ. “ಇವುಗಳ ನಡುವನ ಬೆಳದಾಕಿ ನಾ.”

ಅವನ ಕೈ ಬಾಟಲಿಯ ಸಮೇತ ಹಿಂದಕ್ಕೆ ಹೋಯಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ವ್ಯಾನಿನವನು ಬಿಡಲಿಲ್ಲ.

“ಏನ್ ಭಾಯ್, ಬಾಟ್ಲಿ ಖಾಲಿ ಆತೇನು? ಹದ್ದಿಗೆ ನಾಕು ಬಾಟ್ಲಿ, ನಮ್ಮ ಆಯಿಗೆ ಒಂದ ಗುಟುಕೂ ಇಲ್ಲ?”

“ನೀ ಸುಮ್ನಿರು,” ಅಂದೆ ಅವನಿಗೆ. ಅದನ್ನು ಮಾತಾಡುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಹಕ್ಕಿ ಹೀಗೇ ಶಾಲಿನಲ್ಲಿ ತೊಯ್ದು ಕೂತರೆ ಸಂಜೆಯೊಳಗೆ ನಾಯಿಗಳ ಪಾಲು. ಗಾಡಿಗೆ ಹಾಕಿದರೆ ಒದ್ದಾಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಇಷ್ಟು ವರ್ಷಕ್ಕೆ ಒಂದು ಕಂಡಿದ್ದೇನೆ, ಅದು ಚೆಂಡುಹೂವು ಹಾಕಿಸಿಕೊಂಡು ಸಾಯುವುದನ್ನು ನೋಡಲು ನಾನು ವ್ಯಾನು ಇಳಿದಿರಲಿಲ್ಲ. ಅದು ಏಳಬೇಕು. ನನಗೆ ಬೇಕಾಗಿದ್ದು ಅಷ್ಟೇ.

ನಮ್ಮಪ್ಪನ ಕೆಲಸದ ರೀತಿ ಹೀಗಿತ್ತು. ಊರಲ್ಲಿ ದನ ಸತ್ತರೆ ಹಗ್ಗ ಹಾಕಿ ಎಳೆದು ಊರಾಚೆಯ ದಿಬ್ಬಕ್ಕೆ ಒಯ್ಯುತ್ತಿದ್ದ. ಉಪ್ಪಿನ ಗಡಿಗೆ ಹೊತ್ತು ನಾನು ಹಿಂದೆ. ಸುಲಿಯುವುದು ಮುಗಿಯುವ ತನಕ ಹದ್ದುಗಳು ಪಂಕ್ತಿಗೆ ಕೂತವರ ಹಾಗೆ ದೂರ ಕೂತಿರುತ್ತಿದ್ದವು. ಚರ್ಮ ಮಡಚಿದ ಮೇಲೆ ಅಪ್ಪ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡುತ್ತಿದ್ದ. ಗಾಳಿ ಬರುವ ದಿಕ್ಕಿಗೆ ಮೂವತ್ತು ನಲವತ್ತು ಹೆಜ್ಜೆ ಬಯಲು ಖಾಲಿ ಇರಬೇಕು. ಅಲ್ಲಿ ಬಂಡಿ ಬಿಡಬಾರದು, ಬೀಡಿ ಸೇದುತ್ತ ಯಾರೂ ಕೂರಬಾರದು. ಉಂಡ ರಣಹದ್ದು ಕೂತಲ್ಲಿಂದ ಏಳಲಾರದು. ಗಾಳಿಗೆ ಎದುರಾಗಿ ಓಡಿಯೇ ಏಳಬೇಕು. ಆ ದಾರಿಗೆ ಮನುಷ್ಯರು ಅಡ್ಡ ಬಂದರೆ ಹಕ್ಕಿ ಹೆದರುತ್ತದೆ, ಮರುದಿನ ಬರುವುದಿಲ್ಲ. ಅವು ಬರದಿದ್ದರೆ ಹೆಣ ಕೊಳೆತು ನಾತ ನಮ್ಮ ಕೇರಿಗೇ ಹೊಡೆಯುತ್ತಿತ್ತು, ಊರವರ ಬೈಗಳು ನಮ್ಮಪ್ಪನಿಗೇ ಬೀಳುತ್ತಿದ್ದವು. ಪ್ರೀತಿ ಗೀತಿ ಏನಿಲ್ಲ, ಅವು ತಿಂದು ಹೋದರೆ ನಮ್ಮ ಕೆಲಸ ಹಗುರ.

ಅವತ್ತು ಮೂಡಗಾಳಿ ಬೀಸುತ್ತಿತ್ತು. ಮೂಡಲಿಗೆ ಆ ಬೀಳು ಹೊಲ ಒಂದೇ ಬಯಲು. ಅದರ ಬಾಯಿಗೆ ಸರಿಯಾಗಿ ಟ್ರ್ಯಾಕ್ಸು, ಟ್ರ್ಯಾಕ್ಸಿನ ಮುಂದೆ ಫೋಟೋದವರ ಸಾಲು.

ಇದನ್ನೆಲ್ಲ ಎರಡು ಮಾತಿನಲ್ಲಿ ಮಾಸ್ತರರಿಗೆ ಹೇಳಿದೆ. ಅವರು ಮೂಗಿನ ಮೇಲಿನ ಕನ್ನಡಕ ಸರಿಸಿ ನನ್ನನ್ನು ನೋಡಿದರು, ಹಕ್ಕಿಯನ್ನು ನೋಡಿದರು. ಮೂವತ್ತು ವರ್ಷ ಸಾಲೆಯಲ್ಲಿ ದನಿ ಮಾಡಿದವರು. ಒಂದೇ ಸಲ ಗದರಿದರು ನೋಡಿ, “ಎಲ್ಲಾರೂ ಮ್ಯಾಲ ಬರ್ರಿ! ಸಾಲು ಹಿಡದು!” ಅಂತ. ಬೀಗರು, ಬಿಜ್ಜರು, ದಾರಿಹೋಕರು ಎಲ್ಲ ಮಕ್ಕಳ ಹಾಗೆ ಸಾಲು ಹಿಡಿದು ರಸ್ತೆಗೆ ಬಂದರು.

ಆಗ ನನಗೆ ಇನ್ನೊಂದು ಅಂಜಿಕೆ ಹೊಕ್ಕಿತು. ಕರು.

“ಯಾರದ್ರೀ ಆ ಕರಾ?” ಅಂತ ಕೂಗಿದೆ.

ತಲೆಗೆ ಟವೆಲ್ಲು ಸುತ್ತಿದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಕೈಯಲ್ಲಿ ಕುಡಗೋಲು. ಆ ಬೀಳು ಹೊಲ ಅವಳದೇ. “ನಮ್ಮದಬೇ ಯವ್ವಾ. ಯಾಕ?”

“ಸಾಯೂಕಿಂತ ಮೊದ್ಲ ಸೂಜಿ ಹಾಕ್ಸಿದ್ರೇನ? ನೋವಿಗೆ, ಜ್ವರಕ್ಕ, ಏನರೇ?”

“ಎಲ್ಲೀ ಸೂಜಿ! ಹುಟ್ಟತ ಸತ್ತು ಬಿತ್ತು. ನಿನ್ನಿ ಮುಂಜಾನಿ. ತಾಯಿಗೂ ಏನೂ ಹಾಕ್ಸಿಲ್ಲ, ತಾನ ಈದೈತಿ. ಹುಗಿಯಾಕ ಆಳು ಸಿಗಲಿಲ್ಲ, ಅದಕ್ಕ ಇಲ್ಲಿ ಎಳದು ಒಗದ್ವಿ.”

“ಖರೇ ಹೇಳು ತಂಗೀ.”

“ನಿನ್ನಾಣಿ ಖರೇ. ಸುಳ್ಳ್ಯಾಕ ಹೇಳ್ಲಿ? ನನಗೇನು ಹದ್ದಿನ ಜೋಡಿ ಬೀಗತನ ಐತೇನು?”

ಅವಳ ಬೆನ್ನಿಗೆ ಒಂದು ಗುದ್ದಿದೆ, ಖುಷಿಗೆ. ಆಳು ಸಿಗದಿದ್ದದ್ದು ಎಷ್ಟು ಛಲೋ ಆಯಿತು ಅಂದೆ.

ಇನ್ನು ಶಾಲು. ಯಾರು ತೆಗೆಯಬೇಕು? ಹೊದಿಸುವಾಗ ಎಲ್ಲರಿಗೂ ಉಮೇದು ಇತ್ತು. ತೆಗೆಯಲು ಒಬ್ಬನೂ ಇಲ್ಲ. ವ್ಯಾನಿನವನು, “ಆಯೀ, ನೀವು ಹೋಗಬ್ಯಾಡ್ರಿ, ಕಣ್ಣು ಕುಕ್ಕಿ ತಗೀತೈತಿ” ಅಂದ.

“ಹಂಗಾರ ನೀ ಹೋಗು.”

“ನನಗ ಸಣ್ಣ ಸಣ್ಣ ಮಕ್ಕಳದಾರ್ರಿ!”

“ನಿನ್ನ ಹಿರೇ ಮಗಾ ಬೈಕ್ ಓಡಸ್ತಾನಲೋ.”

ಮಂದಿ ನಕ್ಕರು. ನಾನು ಸೆರಗು ಸೊಂಟಕ್ಕೆ ಸಿಗಿಸಿ ಬಿದಿರು ತೆಗೆದುಕೊಂಡೆ. ಹಿಂದಿನಿಂದ ಹೋಗಬಾರದು, ಅದು ಬೆಚ್ಚುತ್ತದೆ. ಎದುರಿನಿಂದಲೂ ಬೇಡ. ಮಗ್ಗುಲಿನಿಂದ, ಅದಕ್ಕೆ ಕಾಣುವ ಹಾಗೆ, ನಿಧಾನ ಹೋಗಬೇಕು. ಹೋದೆ. ಒಂದು ಹೆಜ್ಜೆ, ನಿಂತೆ. ಇನ್ನೊಂದು ಹೆಜ್ಜೆ, ನಿಂತೆ. ಹತ್ತಿರ ಹೋದಂತೆ ಅದರ ಮೈನಾತ ಬಂತು. ಅದೇ ಹಳೆಯ ನಾತ, ದಿಬ್ಬದ ನಾತ. ಹಕ್ಕಿ ಹಾವಿನ ಹಾಗೆ ಬುಸ್ ಅಂತು. ಬಿದಿರಿನ ತುದಿಯಿಂದ ಹಾರ ಎತ್ತಿ ಜಾರಿಸಿದೆ. ತಲೆ ಒಳಗೆ ಎಳೆದುಕೊಂಡಿತು, ಹಾರ ತಾನೇ ಕಳಚಿ ಬಿತ್ತು. ಶಾಲಿನ ಗೊಂಡೆ ಒಂದು ಅದರ ಉಗುರಿಗೆ ಸಿಕ್ಕಿತ್ತು. ಬಿದಿರಿನಿಂದ ಬಿಡಿಸಲು ಆಗಲಿಲ್ಲ. ಬಗ್ಗಿ ಕೈಯಿಂದಲೇ ಶಾಲಿನ ತುದಿ ಹಿಡಿದು ಜಗ್ಗಿದೆ.

ಆಗ ಅದು ಕತ್ತು ಮುಂದಕ್ಕೆ ಚಾಚಿ, ಗಕ್ ಗಕ್ ಅಂತ ಎರಡು ಸಲ ಕುಲುಕಿ, ಉಂಡದ್ದನ್ನೆಲ್ಲ ನನ್ನ ಮೇಲೆ ಕಾರಿಬಿಟ್ಟಿತು.

ಎದೆಯಿಂದ ನಿರಿಗೆಯ ತನಕ. ಹೊಸ ಇಳಕಲ್ ಸೀರೆ. ಆ ನಾತ ಹೇಗಿರುತ್ತದೆ ಅಂತ ಹೇಳಲು ನನ್ನ ಹತ್ತಿರ ಮಾತಿಲ್ಲ. ನಿಮಗೆ ಅದು ಬೇಡವೇ ಬೇಡ.

“ಯವ್ವಾ! ನನ್ನ ಸೀರಿ!” ಅಂತ ಮಗಳು ಚೀರಿದಳು. ಸೀರೆ ನನ್ನದು, ಆದರೂ ಅವಳಿಗೆ ಹೆಚ್ಚು ತಾಗಿತು.

“ಅಯ್ಯೋ, ಸಾಯಾಕತ್ತೈತಿ! ಕಕ್ಕಾಕತ್ತೈತಿ!” ಅಂತ ರಸ್ತೆಯ ಮೇಲಿನ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ಒಬ್ಬಳು ಆಗಲೇ ಮಾಸ್ತರರಿಗೆ ಗಂಗಾಜಲ ಇದೆಯೇನು ಅಂತ ಕೇಳಿದಳು.

ನಾನು ಶಾಲು ಎತ್ತಿ ಹಿಡಿದು ಕುಣಿದೆ. ಖರೇನೇ ಕುಣಿದೆ. “ಸಾಯಾಕತ್ತಿಲ್ಲ ನಿಮ್ಮೌನ, ಹಗುರ ಆಗಾಕತ್ತೈತಿ! ಇನ್ನು ಏಳತೈತಿ ನೋಡ್ರಿ!”

ಹೆದರಿದಾಗ ಅದು ಹಾಗೇ ಮಾಡುತ್ತದೆ. ಹೊಟ್ಟೆಯ ಭಾರ ಕಳೆದುಕೊಂಡರೆ ಓಟಕ್ಕೆ ಅನುಕೂಲ. ನಾನು ಹಿಂದೆ ಸರಿದು ರಸ್ತೆಗೆ ಬಂದೆ. ಮಂದಿ ನನಗೆ ಅಗಲವಾಗಿ ದಾರಿ ಬಿಟ್ಟರು. ಈ ಸಲ ಅವರನ್ನು ಬೈಯುವಂತಿರಲಿಲ್ಲ, ನನಗೇ ನನ್ನ ಹತ್ತಿರ ನಿಲ್ಲಲು ಆಗುತ್ತಿರಲಿಲ್ಲ.

ಹಕ್ಕಿ ಸ್ವಲ್ಪ ಹೊತ್ತು ಕುಗ್ಗಿ ಕೂತಿತು. ಆಮೇಲೆ ರೆಕ್ಕೆ ಬಿಚ್ಚಿತು. ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡರು. ಹಗ್ಗದ ಹೊರಸಿನ ಉದ್ದಕ್ಕಿಂತ ಹೆಚ್ಚಿದ್ದವು ಎರಡೂ ರೆಕ್ಕೆ ಕೂಡಿ. ಬಿಸಿಲಿಗೆ ಬೆನ್ನು ಕೊಟ್ಟು, ಒಣಹಾಕಿದ ಕಂಬಳಿಯ ಹಾಗೆ ಹರಡಿಕೊಂಡು ನಿಂತಿತು. ಆಗಾಗ ಒಂದೊಂದು ಗರಿ ಕೊಕ್ಕಿನಿಂದ ಎಳೆದು ನೇರ ಮಾಡಿಕೊಳ್ಳುತ್ತಿತ್ತು.

“ಎಷ್ಟೊತ್ತು ಬೇಕ್ರಿ?” ಅಂತ ಮಾಸ್ತರರು ಪಿಸುಗುಟ್ಟಿದರು.

“ಒಣಗಬೇಕಲ್ರಿ. ನೀವು ನಾಕು ಬಾಟ್ಲಿ ಉಗ್ಗೀರಿ.”

ಅವರು ತಲೆ ತಗ್ಗಿಸಿದರು. ನನ್ನ ಕೈಯಿಂದ ಆ ಹೊಲಸು ಶಾಲು ತೆಗೆದುಕೊಂಡು, ತಮ್ಮ ಬಿಳಿ ಅಂಗಿಗೆ ತಾಗುವುದನ್ನೂ ನೋಡದೆ, ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ಅರ್ಧ ತಾಸು ಹಾಗೇ ನಿಂತೆವು. ಮಗಳಿಗೆ ಗರಗದಿಂದ ಮೇಲಿಂದ ಮೇಲೆ ಫೋನ್. “ಬಂದ್ವಿ, ಬಂದ್ವಿ. ಇಲ್ಲ, ಗಾಡಿ ಕೆಟ್ಟಿಲ್ಲ. ಅವ್ವ ಕೆಟ್ಟಾಳ” ಅಂದಳು ಒಂದು ಸಲ. ಬಿಸಿಲು ಏರಿತು. ಹೊಲದ ಮಣ್ಣಿನಿಂದ ಝಳ ಏಳತೊಡಗಿತು. ಏಳಲು ಅದೇ ತಕ್ಕ ಹೊತ್ತು. ಆದರೆ ಟ್ರ್ಯಾಕ್ಸು ಇನ್ನೂ ಹೊಲದ ಬಾಯಲ್ಲೇ ನಿಂತಿತ್ತು.

ಅಳಿಯ ಕೀಲಿ ಹಿಡಿದು ಹೊರಟ. ಅವನ ತೋಳು ಹಿಡಿದು ನಿಲ್ಲಿಸಿದೆ. ಅವನು ತೋಳು ಬಿಡಿಸಿಕೊಳ್ಳಲಿಲ್ಲ.

“ಚಾಲೂ ಮಾಡಬ್ಯಾಡ. ಆ ಸಪ್ಪಳಕ್ಕ ಗಾಬರಿ ಬಿದ್ದು ರಸ್ತೆ ಕಡೆ ಓಡತೈತಿ. ಬಸ್ಸಿನ ಗಾಲಿಗೆ ಹೋಗತೈತಿ.”

“ಮತ್ತ ಹೆಂಗ್ರಿ ಸರಸೋದು?”

“ದಬ್ಬೋದು!”

ಆಗ ನೋಡಬೇಕಿತ್ತು. ಬೀಗರು, ಅಳಿಯ, ವ್ಯಾನಿನವನು, ಒಬ್ಬ ಹಾಲಿನವನು, ಕುಡಗೋಲು ಬದಿಗಿಟ್ಟ ಹೊಲದವಳು, ಹೊಸ ಧೋತರ ಉಟ್ಟ ಒಬ್ಬ ಅಜ್ಜ, ಕಡೆಗೆ ಕೊರಳಲ್ಲಿ ಹಾರ ಹಾಕಿಕೊಂಡ ಹೆಡ್ ಮಾಸ್ತರರು, ಎಲ್ಲರೂ ದೂರದಿಂದ ಬಳಸಿ ಹೋಗಿ, ಬಗ್ಗಿ, ತುಟಿ ಪಿಟಕ್ಕೆನ್ನದೆ ಟ್ರ್ಯಾಕ್ಸಿಗೆ ಕೈ ಹಚ್ಚಿದರು. ಫೋನುಗಳೆಲ್ಲ ಕಿಸೆಗೆ ಹೋದವು. ನಾನೂ ಮಗ್ಗುಲಿಗೆ ಹೆಗಲು ಕೊಟ್ಟೆ. ನನ್ನ ಪಕ್ಕ ನಿಂತವನು ಮೂಗು ತಿರುಗಿಸಿಕೊಂಡು ದಬ್ಬಿದ, ಆದರೂ ದಬ್ಬಿದ. ಕಪ್ಪು ಮಣ್ಣು, ಗಾಲಿ ಹೂತಿತ್ತು. ಮಿಸುಕಲಿಲ್ಲ. ಮತ್ತೆ ದಬ್ಬಿದೆವು. ಒಂದು ಮೊಳ ಸರಿಯಿತು.

ಅಷ್ಟರಲ್ಲಿ ಹಿಂದೆ ಧಪ್ ಅಂತ ಸಪ್ಪಳ.

ತಿರುಗಿ ನೋಡಿದರೆ ಹಕ್ಕಿ ಓಡತೊಡಗಿತ್ತು! ಎರಡೂ ಕಾಲು ಕೂಡಿಸಿ ಕುಪ್ಪಳಿಸಿ, ಕುಪ್ಪಳಿಸಿ, ರೆಕ್ಕೆ ನೆಲಕ್ಕೆ ಬಡಿದು, ನಮ್ಮ ಕಡೆಗೇ ನೆಟ್ಟಗೆ ಬರುತ್ತಿದೆ. ದಾರಿ ಇನ್ನೂ ಅರ್ಧ ಬಿಟ್ಟಿಲ್ಲ.

“ಬಿಡಬ್ಯಾಡ್ರಿ! ದಬ್ಬರಿ! ದಬ್ಬರಿ!” ಅಂತ ಕಿರುಚಿದೆ.

“ಯಾ ಅಲ್ಲಾ!” ಅಂತ ವ್ಯಾನಿನವನು ತಲೆಯಿಂದಲೇ ಗಾಡಿಗೆ ಗುದ್ದಿದ. ಮಾಸ್ತರರು ಒಂದು, ಎರಡು, ಮೂರು ಅಂತ ಕವಾಯತಿನ ದನಿ ತೆಗೆದರು. ಟ್ರ್ಯಾಕ್ಸು ಗುಂಡಿಯಿಂದ ಕಿತ್ತುಕೊಂಡು ಮುಂದಕ್ಕೆ ಉರುಳಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಬಿದ್ದವರ ತಲೆಯ ಮೇಲೆ ಗಾಳಿ ಹಾಯಿತು, ಅದರ ಗರಿಯ ತುದಿ ಟ್ರ್ಯಾಕ್ಸಿನ ಹಿಂಬದಿಗೆ ಸರಕ್ ಅಂತ ತಾಗಿತು. ಎದ್ದಿತ್ತು! ನೆಲ ಬಿಟ್ಟಿತ್ತು!

ಆದರೆ ಎತ್ತರ ಸಾಲದು. ಹೊಲದ ಕೊನೆಗೆ ಕರೆಂಟಿನ ತಂತಿ. ನಾನು ಎದ್ದು ಓಡಿದೆ. ಯಾಕೆ ಓಡಿದೆ, ಓಡಿ ಏನು ಮಾಡುವವಳಿದ್ದೆ, ದೇವರಿಗೇ ಗೊತ್ತು. ತಂತಿಗೆ ಬಡಿಯಿತು ಅಂದುಕೊಂಡೆ. ಬಡಿಯಲಿಲ್ಲ, ತಂತಿಯ ಕೆಳಗೆ ಜಾರಿ, ಬದುವಿನ ಆಚೆ ತಗ್ಗಿಗೆ ಇಳಿದು ಮರೆಯಾಯಿತು.

“ಬಿತ್ತು,” ಅಂದಳು ಹೊಲದವಳು.

ನಾನು ಬದುವಿನ ತನಕ ಓಡಿ ಹತ್ತಿ ನಿಂತೆ. ತಗ್ಗಿನಲ್ಲಿ ಬರೀ ಕಡಲೆ ಹೊಲ. ಹಕ್ಕಿ ಇಲ್ಲ. ಎಲ್ಲಿ ಬಿತ್ತು, ಹೇಗೆ ಬಿತ್ತು ಅಂತ ಹಸುರಿನ ತುಂಬ ಕಣ್ಣು ಕೀಲಿಸಿ ಹುಡುಕುತ್ತಿದ್ದೆ.

“ಆಯೀ! ಅಲ್ಲಲ್ಲ! ಮ್ಯಾಲ ನೋಡ್ರಿ, ಮ್ಯಾಲ!”

ದೂರದ ಜಾಲಿ ಮರಗಳ ಆಚೆಯಿಂದ ಅದು ಏರುತ್ತಿತ್ತು. ರೆಕ್ಕೆ ಬಡಿಯುತ್ತಿರಲಿಲ್ಲ. ಹರಡಿಕೊಂಡು ಸುಮ್ಮನೆ ತಿರುಗುತ್ತಿತ್ತು. ಒಂದು ಸುತ್ತಿಗೆ ಮರದೆತ್ತರ, ಇನ್ನೊಂದು ಸುತ್ತಿಗೆ ಎರಡು ಮರದೆತ್ತರ. ಹಿಂದೆ ಹೊಲದ ತುಂಬ ಸೀಟಿ, ಚಪ್ಪಾಳೆ, ಹೋ ಅನ್ನುವ ಗದ್ದಲ. ಧೋತರದ ಅಜ್ಜ ಟೊಪ್ಪಿಗೆ ಮೇಲಕ್ಕೆ ಹಾರಿಸಿದ. ಮಗಳು ನನ್ನ ಹತ್ತಿರ ಬಂದು ನಿಂತಿದ್ದಳು, ಸೀರೆಯ ಮಾತು ಬಿಟ್ಟು ಕತ್ತು ಎತ್ತಿ ನೋಡುತ್ತಿದ್ದಳು. “ಎಷ್ಟು ದೊಡ್ಡದೈತ್ಬೇ,” ಅಂದಳು. ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

ಅಳಿಯ ಕಿಸೆಯಿಂದ ಫೋನ್ ಎಳೆಯುವಷ್ಟರಲ್ಲಿ ಅದು ಚುಕ್ಕಿಯಾಗಿತ್ತು. ಅಲ್ಲಿದ್ದ ಎಲ್ಲರ ಫೋನಿನಲ್ಲೂ ಶಾಲು ಹೊದ್ದು ಹಾರ ಹಾಕಿಕೊಂಡ ಹದ್ದು ಇದೆ. ಹಾರಿದ ಹದ್ದು ಒಬ್ಬರ ಹತ್ತಿರವೂ ಇಲ್ಲ. ಅವನು ಅದನ್ನೇ ಹಳಹಳಿಸುತ್ತ ಬಂದು ನನ್ನ ಎದುರು ನಿಂತ. ಬಾಟಲಿ ಚಾಚಿದ. ಮುಖ ನೋಡಲಿಲ್ಲ. ಅರ್ಧ ನೀರು ಕೈಕಾಲಿಗೆ ಹಾಕಿಕೊಂಡೆ, ಅರ್ಧ ಕುಡಿದು ತಿರುಗಿ ಕೊಟ್ಟೆ. ತೆಗೆದುಕೊಂಡ. ಆಮೇಲೆ ಆ ಬಾಟಲಿ ಏನು ಮಾಡಿದ ಅಂತ ನಾನು ನೋಡಲು ಹೋಗಲಿಲ್ಲ.

ಮಾಸ್ತರರು ಇಲಾಖೆಯವರಿಗೆ ಮತ್ತೆ ಫೋನ್ ಹಚ್ಚಿ, ಹಕ್ಕಿ ಎದ್ದು ಹೋಯಿತು ಅಂತ ಪಾಠದ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ವ್ಯಾನಿನವನು ಸೀಟಿನ ಮೇಲೆ ಗೋಣಿಚೀಲ ಹಾಸುತ್ತ, “ಆಯೀ, ನೀವು ಹಿಂದ ಕುಂಡ್ರರಿ, ಎಲ್ಲಾ ಕಿಡಕಿ ತಗದ ಹೊಡೀತೇನಿ” ಅಂತ ಕೂಗಿದ. ನಾನು ಹೊರಟೆ. ಹೊಲದವಳು ಅಡ್ಡ ಬಂದಳು.

“ಯವ್ವಾ, ನಿಂದ್ರು. ಮತ್ತ ಬರತೈತೇನು ಅದು?”

“ಇಲ್ಲಿ ಉಂಡೈತಿ. ಜಾಗಾ ನೆನಪ ಇಟ್ಟಿರತೈತಿ. ಬಂದ್ರ ಬರಬಹುದು.”

“ಹಂಗಾರ ಇನ್ನೊಮ್ಮೆ ದನಾ ಸತ್ರ ಎಲ್ಲಿ ಹಾಕ್ಲಿ? ರಸ್ತೆ ಸನೇಕ ಹಾಕಿದ್ರ ಈ ಮಂದಿ ಮತ್ತ ಶಾಲು ತರ್ತಾರ.”

ನನಗೆ ಜೀವಮಾನದಲ್ಲಿ ಆ ಕೆಲಸದ ವಿಚಾರ ಯಾರೂ ಕೇಳಿರಲಿಲ್ಲ. ಗಂಡನ ಮನೆಯವರು ಕೇಳಿರಲಿಲ್ಲ, ಮಕ್ಕಳು ಕೇಳಿರಲಿಲ್ಲ. ನಾನಾಗಿಯೇ ಹೇಳುವ ಪ್ರಸಂಗವೂ ಬಂದಿರಲಿಲ್ಲ. ಅವಳ ಕೈ ಹಿಡಿದುಕೊಂಡು ಬದುವಿನುದ್ದಕ್ಕೆ ನಡೆದೆ. ರಸ್ತೆಯಿಂದ ದೂರ, ತಂತಿಯಿಂದ ದೂರ, ಹೊಲದ ಆಚೆ ಮೂಲೆಯಲ್ಲಿ ಒಂದು ಕಲ್ಲಿನ ದಿನ್ನೆ ಇತ್ತು. ಅದರ ಮೇಲೆ ಹತ್ತಿದೆವು.

“ಇಲ್ಲಿ ಹಾಕು. ಸೂಜಿ ಹಾಕ್ಸಿದ ದನಾ ಆದ್ರ ಮಾತ್ರ ಬ್ಯಾಡ. ಆಳು ಸಿಗ್ಲಿ ಬಿಡ್ಲಿ, ನೀನ ಗುದ್ದಲಿ ಹಿಡದು ಹುಗಿ. ತಿಳೀತೇನು?”

“ತಿಳೀತು.”

“ಸೂಜಿ ಇಲ್ಲದ್ದು ಸತ್ರ ಇಲ್ಲಿ. ಹಾಕೂ ಮೊದ್ಲ ಮಣ್ಣು ತೂರಿ ಗಾಳಿ ನೋಡು.”

ಅವಳು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದಳು. ರಸ್ತೆಯಿಂದ ಹಾರ್ನು ಬಾರಿಸತೊಡಗಿತು. ಮಗಳು ತೊಟ್ಟಿಲು, ತೊಟ್ಟಿಲು ಅಂತ ಕೂಗುತ್ತಿದ್ದಳು.

“ಮ್ಯಾಲೆತ್ತಿ ಬಿಡು. ಸಾವಕಾಶ,” ಅಂದೆ. ಅವಳು ಬಿಟ್ಟಳು. ಕಪ್ಪು ದೂಳು ನಮ್ಮಿಬ್ಬರ ಸೀರೆಗೆ ಬಂದು ಬಡಿಯಿತು. “ಕಂಡ್ಯಾ? ಗಾಳಿ ಆ ಕಡಿಂದ ಬರತೈತಿ. ಆ ಕಡೆ ನಲವತ್ತು ಹೆಜ್ಜಿ ಖಾಲಿ ಬಿಡು. ಬಾ, ಹೆಜ್ಜಿ ಹಾಕಿ ತೋರಸ್ತೇನಿ.”

ಹಾರ್ನು ಬಾರಿಸುತ್ತಲೇ ಇತ್ತು. ನಾನು ದಿನ್ನೆ ಇಳಿದು ಮೂಡಲಿಗೆ ಮುಖ ಮಾಡಿ ಎಣಿಸುತ್ತ ನಡೆದೆ. ಅವಳು ನನ್ನ ಹಿಂದೆ ಹಿಂದೆಯೇ, ಅಷ್ಟು ನಾತದಲ್ಲೂ, ಮಗ್ಗುಲಿಗೆ ಹತ್ತಿಕೊಂಡೇ ಎಣಿಸುತ್ತ ಬಂದಳು.